ಸೋಸದ ಹಾಡು

“ಇವತ್ತು ಯಾರಿಗೆ ಕೇಳಿಸೋದಿಲ್ಲವೋ?”

ಶನಿವಾರ ಸಂಜೆ ಗಿರಣಿಯ ಬಾಗಿಲು ಎಳೆಯುತ್ತ ನಮ್ಮ ಮನೆಯವರು ಹೀಗೆ ಕೇಳುತ್ತಿದ್ದರು. ನನ್ನನ್ನು ಕೇಳಿದ್ದಲ್ಲ, ಬೀದಿಯಲ್ಲಿ ಹೋಗುವವರನ್ನೂ ಅಲ್ಲ. ಹೆಗಲ ಮೇಲಿನ ಟವೆಲು ಕೊಡವಿ, ಹಾರಿದ ಹಿಟ್ಟನ್ನೇ ಕೇಳಿದ ಹಾಗೆ ಕೇಳಿ, ಉತ್ತರಕ್ಕೆ ಕಾಯದೆ ಬೀಗ ಹಾಕುತ್ತಿದ್ದರು. ಆಮೇಲೆ ನಾವಿಬ್ಬರೂ ತೂಕದ ಕಟ್ಟೆಯ ಕಡೆ ನಡೆಯುತ್ತಿದ್ದೆವು. ದಿನವಿಡೀ ಗಿರಣಿಯಲ್ಲಿ ನಿಂತ ಕಾಲು ಅವರದು, ದಿನವಿಡೀ ಕೂತು ಜರಡಿ ಆಡಿಸಿದ ಸೊಂಟ ನನ್ನದು. ಇಬ್ಬರೂ ನಿಧಾನಕ್ಕೇ ನಡೆಯುತ್ತಿದ್ದೆವು.

ತೂಕದ ಕಟ್ಟೆ ಅಂದರೆ ಹಿಂದೆ ಧಾನ್ಯದ ಮೂಟೆಗಳನ್ನು ತೂಗುತ್ತಿದ್ದ ಜಾಗ. ಈಗ ತಕ್ಕಡಿ ಇಲ್ಲ. ಅದನ್ನು ನೇತುಹಾಕುತ್ತಿದ್ದ ಕೊಂಡಿ ಮಾತ್ರ ತಗಡಿನ ಸೂರಿನಿಂದ ಇಳಿಬಿದ್ದಿದೆ. ಅಲ್ಲಿ ಶನಿವಾರ ನಮ್ಮೂರಿನ ಹುಡುಗ ಹುಡುಗಿಯರು ತಾವೇ ಕಟ್ಟಿದ ಹಾಡು ಹಾಡುತ್ತಾರೆ. ದೇವರ ಹಾಡಲ್ಲ, ಸಿನಿಮಾದ್ದಲ್ಲ, ತಮ್ಮ ಬದುಕಿನಲ್ಲಿ ನಡೆದದ್ದು. ಅಪ್ಪ ಹೊಡೆದದ್ದು, ಪರೀಕ್ಷೆಯಲ್ಲಿ ಫೇಲಾದದ್ದು, ಮೆಚ್ಚಿದವಳು ಬಸ್ಸಿನ ಕಿಟಕಿಯಿಂದ ತಿರುಗಿಯೂ ನೋಡದೆ ಹೋದದ್ದು. ಒಬ್ಬನ ಕೈಯಲ್ಲಿ ಗಿಟಾರು, ಒಬ್ಬಳ ಮುಂದೆ ಅಜ್ಜಿಯ ಕಾಲದ ಹಾರ್ಮೋನಿಯಂ, ಏನೂ ಇಲ್ಲದವನಿಗೆ ಮನೆಯ ಬಿಂದಿಗೆ. ಹಾಡಿನೊಳಗೆ ಯಾರಿದ್ದಾರೋ ಅವರಿಗೆ ಆ ಹಾಡು ಕೇಳಿಸುವುದಿಲ್ಲ. ಪಕ್ಕದವರ ಕೆಮ್ಮು ಕೇಳಿಸುತ್ತದೆ, ಸೂರಿನ ಮೇಲೆ ಕಾಗೆ ನಡೆದಾಡುವುದು ಕೇಳಿಸುತ್ತದೆ, ಹಾಡು ಮಾತ್ರ ಇಲ್ಲ. ತುಟಿ ಆಡುತ್ತದೆ, ತಂತಿ ಅಲುಗುತ್ತದೆ, ಅಷ್ಟೆ. ಕಟ್ಟಿದವರೊಬ್ಬರಿಗೆ ಮಾತ್ರ ಇದರಿಂದ ವಿನಾಯಿತಿ. ಇಲ್ಲದಿದ್ದರೆ ಕಟ್ಟುವುದಾದರೂ ಹೇಗೆ?

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ತಾಯಂದಿರು ಊಟದ ಡಬ್ಬಿ, ಹೆಣಿಗೆ, ಬಿಡಿಸಬೇಕಾದ ಅವರೆಕಾಯಿ ತಂದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಕೇಳಿಸದಿದ್ದರೆ ಕೈಗೆ ಕೆಲಸವಾದರೂ ಇರಲಿ ಅಂತ. ಒಮ್ಮೆ ಒಬ್ಬ ಹುಡುಗ ನಲ್ಲಿಯ ಸಾಲಿನಲ್ಲಿ ನಿಂತು ಬೆಳೆದ ತನ್ನ ಬಾಲ್ಯವನ್ನು ಹಾಡುತ್ತೇನೆ ಅಂತ ಹೇಳಿ ಹಾಡಿದ. ಆ ಸಾಲಿನಲ್ಲಿ ಊರೇ ಇತ್ತಲ್ಲ, ಕಟ್ಟೆಯಲ್ಲಿ ಕೂತ ಎಲ್ಲರಿಗೂ ಬರೀ ಮೌನ. ಬೇರೆ ಊರಿನಿಂದ ಬಂದಿದ್ದ ಬಳೆಗಾರನೊಬ್ಬ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಎರಡು ವಾರ ಊರೆಲ್ಲ ಅವನಿಗೆ ಕರೆದು ಕರೆದು ಕಾಫಿ ಕೊಟ್ಟಿತು. ಆದರೂ ಯಾರೂ ಏನು ಹಾಡಿದ ಅಂತ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಾಡಿನಲ್ಲಿರುವವರಿಗೆ ಹಾಡಿನ ಮಾತು ಹೇಳಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು. ಹಿಂದೆ ಹೇಳಿ ಹೇಳಿ ಮನೆಗಳು ಒಡೆದಿರಬೇಕು. ಧ್ವನಿ ಹೇಗಿತ್ತು, ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಹೇಳಬಹುದು. ತೀರಾ ತಡೆಯಲಾರದವರು ಹಾಡಿದವರ ಬಳಿಯೇ ಹೋಗಿ, ನನ್ನನ್ನು ಸೋಸಿ ಒಮ್ಮೆ ಹಾಡು ಅಂತ ಕೇಳಿಕೊಳ್ಳಬಹುದು. ಆಗ ಅವರೊಬ್ಬರನ್ನು ತೆಗೆದು ಮಿಕ್ಕದ್ದನ್ನು ಮನೆಯಲ್ಲಿ ಕೂತು ಹಾಡುತ್ತಾರೆ. ಅದು ಕೇಳಿಸುತ್ತದೆ. ಹಿರಿಯರು ಹಾಗೆ ಕೇಳಿದರೆ ಮಕ್ಕಳು ಇಲ್ಲ ಅನ್ನುವುದಿಲ್ಲ.

ಕಟ್ಟೆಯ ಬಾಗಿಲಲ್ಲೇ ಬಜ್ಜಿ ಅಂಗಡಿ ಇಟ್ಟಿರುವ ತುಂಗಕ್ಕ ಹಾಗೆ ಸೋಸಿಸಿಕೊಂಡವಳು. ಅವಳ ಮಗ ಪರಶು ಅಮ್ಮನ ಮೇಲೆ ಒಂದು ಹಾಡು ಕಟ್ಟಿ ಹಾಡಿದ. ಕಟ್ಟೆಗೆ ಕಟ್ಟೆಯೇ ಕಣ್ಣೊರೆಸಿಕೊಂಡಿತು. ತುಂಗಕ್ಕ ಮನೆಗೆ ಹೋಗಿ ಮಗನ ಮುಂದೆ ಕೂತಳಂತೆ.

“ಏನುಳೀತು ಗೊತ್ತಾ ವಿಶಾಲಕ್ಕ?” ಅಂತ ಮರುದಿನ ನನ್ನ ಹತ್ತಿರ ಕಡಲೆಹಿಟ್ಟು ತುಂಬಿಸಿಕೊಳ್ಳುತ್ತ ಹೇಳಿದಳು. “ಒಂದು ಬಾಣಲೆ, ಒಂದು ನಾಯಿ. ನನ್ನ ತೆಗೆದ್ಮೇಲೆ ಅಷ್ಟೇಯ. ಆ ನಾಯಿಗೆ ಬಜ್ಜಿ ಹಾಕಿದ್ದು ಯಾರೋ ಹಂಗಾದ್ರೆ ಅಂತ ಕೇಳ್ದೆ. ಉತ್ತರಾನೇ ಇಲ್ಲ ಬೇವರ್ಸಿಗೆ.”

ನಾನು ಈ ಊರಿಗೆ ಮದುವೆಯಾಗಿ ಬಂದವಳಲ್ಲ, ಇಲ್ಲೇ ಹುಟ್ಟಿದವಳು. ನನ್ನ ಅಪ್ಪ ಕಾವ್ಯ ಓದುತ್ತಿದ್ದವರು. ಗುಡಿಯ ಜಗಲಿಯಲ್ಲಿ ಕಂಬಕ್ಕೊರಗಿ ಅವರು ಪದ್ಯ ಹಾಡುವುದು, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಹೇಳುವುದು, ನಾನು ದೀಪದ ಬತ್ತಿ ಚಾಚುತ್ತ ಕೂರುವುದು. ನನ್ನ ಬಾಲ್ಯದಲ್ಲಿ ಆಟಕ್ಕಿಂತ ಇದೇ ಹೆಚ್ಚು. ನನಗೆ ಓದಲು ಹೇಳಿಕೊಡಿ ಅಂದಾಗ ಅಪ್ಪ, “ಓದುವವರು ಬೇಕಾದಷ್ಟು ಜನ ಇದಾರೆ ಮಗು, ಕೇಳೋರು ಬೇಕು. ಶ್ರವಣ ಮೊದಲನೇ ಭಕ್ತಿ, ಮಿಕ್ಕಿದ್ದೆಲ್ಲ ಅದರ ಹಿಂದೆ,” ಅಂದಿದ್ದರು. ನಾನು ಅದನ್ನು ನಂಬಿದೆ. ಇವತ್ತಿಗೂ ದೇವರ ಮುಂದೆ ಕೂತರೆ ನಾನು ಏನನ್ನೂ ಬೇಡುವುದಿಲ್ಲ, ಕೇಳಿಸಿಕೊಳ್ಳುತ್ತ ಕೂರುತ್ತೇನೆ.

ಅಪ್ಪ ಓದುತ್ತಿದ್ದುದರಲ್ಲಿ ಒಂದು ಪ್ರಸಂಗ ಬರುತ್ತಿತ್ತು. ಒಬ್ಬ ರಾಜ ಸಭೆಯಲ್ಲಿ ಕೂತು, ಎರಡು ಮಕ್ಕಳು ತನ್ನದೇ ಕಥೆಯನ್ನು ಹಾಡುವುದನ್ನು ಕೇಳುತ್ತಾನೆ. “ಅವನಿಗೆ ಹೇಗೆ ಕೇಳಿಸ್ತು ಅಪ್ಪಾ?” ಅಂತ ನಾನು ನಡುವೆ ಬಾಯಿ ಹಾಕಿದೆ. ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಅಪ್ಪ ಪುಟ ತಿರುಗಿಸಿ, “ಅದು ನಮ್ಮೂರಲ್ಲ ಮಗಳೇ,” ಅಂದು ಮುಂದಿನ ಪದ್ಯ ಎತ್ತಿಕೊಂಡರು.

ನಮ್ಮ ಮಗಳು ಮಂದಾಕಿನಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಅವಳ ತಾಯಿ ಕಮಲಕ್ಕ ತೀರಿಕೊಂಡ ಮೇಲೆ ನಾನು ಈ ಗಿರಣಿಯವರ ಮನೆಗೆ ಬಂದೆ. ಆಗ ಮಂದಾ ಲಂಗದ ತುದಿ ಬಾಯಲ್ಲಿಟ್ಟುಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಚಿಕ್ಕಮ್ಮ ಅನ್ನು ಅಂತ ಯಾರೋ ಹೇಳಿಕೊಟ್ಟರು, ಅಂದಳು. ಅಂದಿನಿಂದ ನಾನು ಅವಳಿಗೆ ಚಿಕ್ಕಮ್ಮ. ತಲೆ ಬಾಚಿದ್ದೇನೆ, ಹೇನು ತೆಗೆದಿದ್ದೇನೆ, ಮೈ ನೆರೆದಾಗ ಕೂರಿಸಿ ಆರತಿ ಎತ್ತಿದ್ದೇನೆ. ಅವಳು ಎಂದೂ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತೇನೋ. ನೆಂಟರ ಮನೆಯಲ್ಲಿ ಮಕ್ಕಳು ಹೇಗಿರುತ್ತವೋ ಹಾಗೆ ತಟ್ಟೆಯಲ್ಲಿ ಹಾಕಿದ್ದನ್ನು ತಿಂದು, ತಟ್ಟೆ ತೊಳೆದಿಟ್ಟು ಬೆಳೆದಳು. ಈಗ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಸಂಜೆ ಗಿರಣಿ ನಿಂತ ಮೇಲೆ ಒಳಗೆ ಮೂಟೆಯ ಮೇಲೆ ಕೂತು ಗಿಟಾರು ನುಡಿಸುತ್ತ ಹಾಡು ಕಟ್ಟುತ್ತಾಳೆ. ಹಿಟ್ಟಿನ ಧೂಳಿಗೆ ತಂತಿ ಮಂಕಾಗುತ್ತದೆ ಅಂತ ಗೊಣಗುತ್ತಾಳೆ, ಜಾಗ ಮಾತ್ರ ಬಿಡುವುದಿಲ್ಲ.

ಅವಳು ಕಟ್ಟೆಯಲ್ಲಿ ಮೊದಲ ಸಲ ಹಾಡಿದ್ದು ಕಮಲಕ್ಕನ ಹಸಿರು ಸೀರೆಯ ಬಗ್ಗೆ. ಆ ಸೀರೆಯನ್ನು ಕಿಟಕಿಗೆ ಪರದೆ ಮಾಡಿದ್ದು, ಅದರೊಳಗಿಂದ ಬಂದ ಬೆಳಕಿನಲ್ಲಿ ಅಪ್ಪನ ರೆಪ್ಪೆಯ ಮೇಲಿನ ಹಿಟ್ಟು ಹಸಿರಾಗಿ ಕಂಡದ್ದು. ನಮ್ಮ ಮನೆಯವರಿಗೆ ಒಂದಕ್ಷರ ಕೇಳಿಸಲಿಲ್ಲ. ನನಗೆ ಎಲ್ಲವೂ ಕೇಳಿಸಿತು. ಅಂಥ ಕಂಠ ನಾನು ಅಪ್ಪನ ನಂತರ ಕೇಳಿರಲಿಲ್ಲ. ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ನಡೆಯುವವಳ ಹಾಗೆ, ಒಂದು ಹನಿ ಚೆಲ್ಲದೆ, ಅವಸರವಿಲ್ಲದೆ ನಡೆಯುವ ಧ್ವನಿ. ಹಾಡು ಮುಗಿದಾಗ ಸುತ್ತಲಿನ ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು.

“ನಿಂಗೂ ಕೇಳಿಸ್ಲಿಲ್ಲ ಅಲ್ವಾ ವಿಶಾಲಕ್ಕ?” ಅಂದಳು ತುಂಗಕ್ಕ. “ಸಾಕಿದೋಳಲ್ವಾ ನೀನು.”

ನಾನು ತಲೆಯಾಡಿಸಿದೆ. ಕೇಳಿಸಲಿಲ್ಲ ಅಂತ.

ಅಷ್ಟೇ ಆದದ್ದು. ಆಮೇಲೆ ಅದನ್ನು ಉಳಿಸಿಕೊಂಡು ಹೋಗಬೇಕಾಯಿತು. ಮಂದಾ ಹಾಡಲು ನಿಂತರೆ ನಾನು ಕಲ್ಲಾಗಿ ಕೂರುತ್ತಿದ್ದೆ. ಕಾಲಿನ ಹೆಬ್ಬೆರಳು ತಾಳ ಹಾಕದ ಹಾಗೆ ಅದರ ಮೇಲೆ ಇನ್ನೊಂದು ಕಾಲು. ಕಣ್ಣು ಒದ್ದೆಯಾಗದ ಹಾಗೆ ಸೂರಿನ ಕೊಂಡಿಯ ಮೇಲೆ ದೃಷ್ಟಿ. ಕೇಳುವುದೇ ಪೂಜೆ ಅಂತ ಬೆಳೆದವಳಿಗೆ, ಕೇಳಿಸಿಕೊಂಡೂ ಕೇಳಿಸದಂತೆ ಕೂರುವುದಕ್ಕಿಂತ ಆಯಾಸದ ಕೆಲಸ ಇನ್ನೊಂದಿಲ್ಲ. ಹತ್ತು ಡಬ್ಬಿ ರಾಗಿ ಜರಡಿ ಹಿಡಿದರೂ ಅಷ್ಟು ದಣಿವಾಗುತ್ತಿರಲಿಲ್ಲ. ಮನೆಯವರಿಗೊಬ್ಬರಿಗೆ ನಿಜ ಗೊತ್ತಿತ್ತು. ಕಟ್ಟೆಯಿಂದ ಬರುವಾಗ ಗುಜರಿ ಅಂಗಡಿ ದಾಟಿ ಬೀದಿ ಖಾಲಿಯಾದ ಮೇಲೆ ಅವರು ಮೆಲ್ಲಗೆ, “ಹೆಂಗಿತ್ತೇ?” ಅನ್ನುತ್ತಿದ್ದರು. ನಾನು ಮಾತು ಬಿಟ್ಟು ಧ್ವನಿಯನ್ನು ಮಾತ್ರ ಹೇಳುತ್ತಿದ್ದೆ. ಮೊದಲ ಸಾಲು ನೆಲದಲ್ಲೇ ನಡೆಯಿತು, ಎರಡನೆಯದರಲ್ಲಿ ಮೆಟ್ಟಿಲು ಹತ್ತಿದಳು, ಕೊನೆಯಲ್ಲಿ ಬಾಗಿಲು ಹಾಕದೆ ಹೊರಟುಹೋದಳು ಅಂತ. ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು.

“ನೀವು ಒಂದು ಸಲ ಸೋಸಿಸಿಕೊಳ್ಳಬಾರದಾ?” ಅಂತ ಕೇಳಿದೆ ಒಮ್ಮೆ.

“ನನ್ನ ತೆಗೆದ್ಮೇಲೆ ಅದ್ರಲ್ಲಿ ನಂಗೇನಿದೆ ಕೆಲಸ,” ಅಂದರು. “ನಿಂಗೆ ಕೇಳಿಸ್ತದಲ್ಲ, ಬಿಡು. ಮನೇಲಿ ಒಬ್ರಿಗಾದ್ರೂ ಕೇಳಿಸ್ಬೇಕು. ಗಿರಣಿಯವನಿಗೆ ಹೆಂಗೂ ಅರ್ಧ ಕಿವಿ.”

ನನಗೆ ಕೇಳಿಸುತ್ತದೆ ಅನ್ನುವುದೇ ನನ್ನ ಸಂಕಟ ಅಂತ ಅವರಿಗೆ ಹೇಳಲಾಗಲಿಲ್ಲ. ಹಾಡಿನ ಮೇಲೆ ಹಾಡು ಬಂತು. ಶಾಲೆಯ ಗೋಡೆ ಬಂತು, ಗೆಳತಿ ಬಂದಳು, ಜೆರಾಕ್ಸ್ ಯಂತ್ರದ ಬೆಳಕೂ ಬಂತು. ಎಲ್ಲದರಲ್ಲೂ ಒಂದು ಮೂಲೆಯಲ್ಲಿ ಅವಳಪ್ಪ ಇದ್ದೇ ಇರುತ್ತಿದ್ದರು. ಪ್ರತಿ ಸಲ ಅವಳು ಬಾಯಿ ತೆರೆಯುವ ಮುಂಚೆ ಈ ಸಲವಾದರೂ ಮೌನ ಬರಲಿ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ಮೊದಲ ಸ್ವರ ತಪ್ಪದೆ ಕಿವಿಗೆ ಬೀಳುತ್ತಿತ್ತು. ಬಿದ್ದ ಮೇಲೆ, ದೇವರಾಣೆಗೂ, ಅದು ನಿಲ್ಲಬಾರದು ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಜ್ವರದ ಹಾಡು. ಚಿಕ್ಕವಳಿದ್ದಾಗ ಅವಳಿಗೆ ವಿಷಮಶೀತ ಜ್ವರ ಬಂದು ಬಹಳ ದಿನ ಮಲಗಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಹಾಕಿ ನನ್ನ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ಆ ಜ್ವರವನ್ನು ಮಂದಾ ಹಾಡಿದಳು. ಸೂರಿನ ಹಂಚು ಈಜುತ್ತಿದ್ದದ್ದು, ಗಡಿಯಾರ ಬೆವರುತ್ತಿದ್ದದ್ದು, ಹಣೆಯ ಮೇಲೆ ಕೆರೆಯ ಹಾಗೆ ಬಂದು ಕೂತ ತಣ್ಣನೆಯ ಬಟ್ಟೆ. ಬಟ್ಟೆ ಇತ್ತು, ಅದನ್ನು ಹಿಂಡಿದ ಕೈ ಇರಲಿಲ್ಲ. ನನಗೆ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು. ನಾನು ಕೊಂಡಿಯನ್ನೇ ನೋಡುತ್ತ ಕೂತೆ. ಮಂದಾ ಹಾಡುತ್ತ ಹಾಡುತ್ತ ನನ್ನ ಕಡೆ ನೋಡಿದಳು. ನನ್ನ ಬರಿದಾದ ಮುಖ ನೋಡಿ ಅವಳು ಸಣ್ಣಗೆ ನಕ್ಕ ಹಾಗಾಯಿತು. ಯಾಕೆ ಅಂತ ಆಗ ತಿಳಿಯಲಿಲ್ಲ.

ತಿಳಿದದ್ದು ಒಂದು ಬೆಳಗ್ಗೆ. ಅಡುಗೆಮನೆಯಲ್ಲಿ ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಬಾಯಿ ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಹಿಂದೆ ಮಂದಾ ಟೂತ್‌ಬ್ರಷ್ ಹಿಡಿದು ನಿಂತಿದ್ದು ನಾನು ನೋಡಲಿಲ್ಲ.

“ಚಿಕ್ಕಮ್ಮ, ಈಗ ಏನು ಗುನುಗ್ತಿದ್ರಿ?”

“ಏನೋ. ಅಪ್ಪ ಓದ್ತಿದ್ದ ಪದ್ಯ.”

“ಪದ್ಯ ಅಲ್ಲ ಅದು. ಎರಡನೇ ಸಾಲು ಮೇಲೆ ಹೋಗಿ ಅಲ್ಲೇ ನಿಲ್ಲುತ್ತೆ. ನೀವೂ ಅಲ್ಲೇ ನಿಲ್ಲಿಸಿದ್ರಿ. ನನ್ನ ಜ್ವರದ ಹಾಡು.”

ನಾನು ತುರಿಯುವುದನ್ನು ನಿಲ್ಲಿಸಲಿಲ್ಲ. ಕಾಯಿ ಮುಗಿದು ಬರೀ ಚಿಪ್ಪನ್ನು ತುರಿಯುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

“ಅದು ನಿಮಗೆ ಕೇಳಿಸಬಾರದಿತ್ತು,” ಅಂದಳು.

“ಕೇಳಿಸಿತು.”

“ಕಟ್ಟೇಲಿ ಆವತ್ತು ನಿಮ್ಮ ಮುಖ…”

“ಮುಖ ಹಾಗಿಟ್ಟುಕೊಂಡಿದ್ದೆ.”

ಅವಳು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಬಂದು ಹೊಸ್ತಿಲಲ್ಲೇ ಕೂತಳು. “ಹಸಿರು ಸೀರೆಯದು?”

“ಕೇಳಿಸಿತು.”

“ಶಾಲೆ ಗೋಡೆದು? ಜೆರಾಕ್ಸ್‌ದು?”

“ಎಲ್ಲಾ ಕೇಳಿಸಿದೆ ಮಂದಾ. ನಾನು ಅದರಲ್ಲಿ ಇದ್ದರೆಷ್ಟು, ಬಿಟ್ಟರೆಷ್ಟು. ನನಗೇನು ಬೇಜಾರಿಲ್ಲ.”

“ನನಗಿದೆ,” ಅಂದಳು. ಧ್ವನಿ ಏರಲಿಲ್ಲ. “ಆ ಜ್ವರದಲ್ಲಿ ನೀವಿದ್ರಿ. ಬಟ್ಟೆ ಅಂದ್ರೆ ನೀವೇ ಅಂತ ಅಂದ್ಕೊಂಡು ಕಟ್ಟಿದ್ದೆ. ಕಟ್ಟೇಲಿ ನಿಮ್ಮ ಮುಖ ನೋಡಿ, ಬಂದಿದಾರೆ, ನಾನು ಹೆಸರು ಹೇಳದೇ ಇದ್ರೂ ತಾವೇ ಬಂದು ಕೂತಿದಾರೆ ಅಂತ ಖುಷಿಪಟ್ಟೆ. ಎಲ್ಲಾ ಹಾಡಲ್ಲೂ ಹಾಗೇ ಅಂದ್ಕೊಂಡೆ. ಒಂದರಲ್ಲೂ ಇಲ್ಲ ಅಂದ್ರೆ ನಾನು ಇಷ್ಟು ದಿನ ಮಾಡಿದ್ದೇನು?”

 “ಚಟ್ನಿಗೆ ಹುಣಸೆಹಣ್ಣು ಹಾಕಲಾ, ಮಾವಿನಕಾಯಿ ಹಾಕಲಾ?” ಅಂದೆ. ಅವಳು ಎದ್ದು ಹೋದಳು.

ಆಮೇಲೆ ಎಷ್ಟೋ ಶನಿವಾರ ಅವಳು ಹಾಡಲಿಲ್ಲ. ಕಟ್ಟೆಯಲ್ಲಿ ಬೇರೆಯವರ ಹಾಡು ಕೇಳಿ ಬರುತ್ತಿದ್ದೆವು. ಮನೆಯಲ್ಲಿ ಮಾತ್ರ ಹೊಸದೊಂದು ಶುರುವಾಯಿತು. ಅವಳು ನನ್ನನ್ನು ನೋಡತೊಡಗಿದಳು. ಗಿರಣಿಗೆ ಬಂದು ನನ್ನ ಎದುರು ಡಬ್ಬಿಯ ಮೇಲೆ ಕೂತು ಜರಡಿ ಆಡುವ ಕೈ ನೋಡುವುದು. ನಾನು ಬೀಗದ ಕೈ ಹುಡುಕುವುದನ್ನು, ದೇವರ ಮುಂದೆ ಸುಮ್ಮನೆ ಕೂರುವುದನ್ನು ನೋಡುವುದು. ಫೋಟೋ ತೆಗೆಸಿಕೊಳ್ಳುವವಳ ಹಾಗೆ ನಾನು ಅಡುಗೆಗೆ ಮುಂಚೆ ತಲೆ ಬಾಚಿಕೊಳ್ಳತೊಡಗಿದೆ.

“ಏನೇ ಇದು, ಬೆಳಬೆಳಗ್ಗೆ ಹೂವು?” ಅಂದರು ಮನೆಯವರು.

“ಸುಮ್ಮನಿರಿ. ನಿಮ್ಮ ಮಗಳು ನೋಡ್ತಾಳೆ.”

“ನೋಡ್ಲಿ ಬಿಡು. ಹಿಟ್ಟು ಮೆತ್ತಿದ ನನ್ನಂಥೋನ್ನೇ ಹಾಡಿದೋಳು, ನಿನ್ನ ಹೂವು ಯಾವ ಲೆಕ್ಕ.”

ಒಂದು ದಿನ ಮಂದಾ ಇದ್ದಕ್ಕಿದ್ದಂತೆ, “ನೀವು ಯಾವತ್ತಾದ್ರೂ ಅತ್ತಿದ್ದು ನಾನು ನೋಡಿಲ್ಲ ಚಿಕ್ಕಮ್ಮ. ಎಲ್ಲಿ ಅಳ್ತೀರಿ?” ಅಂತ ಕೇಳಿದಳು. ಗಿರಣಿ ಓಡುವಾಗ, ಅಂದೆ. ಯಾರಿಗೂ ಕೇಳಿಸಲ್ಲ, ಮುಖಕ್ಕೆ ಹಿಟ್ಟು ಬಿದ್ದಿರುತ್ತೆ, ಒರೆಸಿಕೊಂಡರೆ ಆಯಿತು. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಅದಾದ ವಾರ ಶನಿವಾರ, “ಇವತ್ತು ಹಾಡ್ತೀನಿ,” ಅಂದಳು.

ಮಧ್ಯಾಹ್ನವೇ ನಾನು ದೇವರ ಮುಂದೆ ಕೂತೆ. ಎಂದೂ ಬೇಡದವಳು ಅಂದು ಬೇಡಿದೆ. ಇವತ್ತು ನನಗೆ ಕೇಳಿಸದಿರಲಿ. ಬೇಡಿ ಏಳುವಷ್ಟರಲ್ಲಿ ಹೆದರಿಕೆಯಾಯಿತು. ಕೇಳಿಸದೇ ಹೋದರೆ? ಆ ಧ್ವನಿ ಇಲ್ಲದ ಶನಿವಾರ ಹೇಗಿರುತ್ತದೆ? ಮತ್ತೆ ಕೂತು, ಕೇಳಿಸಲಿ, ಅಂದೆ. ದೇವರಿಗೂ ನನ್ನಿಂದ ಬೇಸರ ಬಂದಿರಬೇಕು.

ಗಿರಣಿಯ ಬಾಗಿಲು ಎಳೆಯುತ್ತ ಮನೆಯವರು ಅಂದು ಏನೂ ಕೇಳಲಿಲ್ಲ. ಟವೆಲು ಕೊಡವಿ ಸುಮ್ಮನೆ ಬೀಗ ಹಾಕಿದರು.

ಕಟ್ಟೆಯಲ್ಲಿ ಮಂದಾ ಕೊಂಡಿಯ ಕೆಳಗೆ ಬಂದು ನಿಂತಳು. ಗಿಟಾರಿನ ಪಟ್ಟಿ ಸರಿಮಾಡಿಕೊಂಡಳು. ತಂತಿಯ ಮೇಲೆ ಬೆರಳಾಡಿತು. ಸೂರಿನ ಮೇಲೆ ಕಾಗೆ ನಡೆದಾಡುವುದು ಕೇಳಿಸಿತು. ತುಂಗಕ್ಕನ ಬಾಣಲೆ ಚುರುಗುಟ್ಟುವುದು ಕೇಳಿಸಿತು. ಮಂದಾಳ ತುಟಿ ತೆರೆಯಿತು, ಕತ್ತಿನ ನರ ಉಬ್ಬಿತು, ಮತ್ತೆ ತುಟಿ ಕೂಡಿತು. ಏನೂ ಇಲ್ಲ. ಬಾವಿಗೆ ಕೊಡ ಇಳಿಬಿಟ್ಟು, ನೀರು ಮುಟ್ಟಿದ ಸದ್ದಿಗೆ ಕಾದು ಕಾದು, ಹಗ್ಗವೇ ಮುಗಿದುಹೋದ ಹಾಗೆ.

ನನ್ನ ಪಕ್ಕದಲ್ಲಿ ಮನೆಯವರು ಒಮ್ಮೆಗೇ ನೆಟ್ಟಗೆ ಕೂತರು. ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ಅವರ ಮುಖ ನೋಡಿದೆ. ಮಗಳು ಹಾಡಲು ಶುರುಮಾಡಿದ ಲಾಗಾಯ್ತು ಮೊದಲ ಸಲ ಅವರಿಗೆ ಕೇಳಿಸುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಅವರು ಈ ಹಾಡಿನಲ್ಲಿ ಇರಲಿಲ್ಲ. ಅವರನ್ನೂ ಹೊರಗಿಟ್ಟು ಅವಳು ಬರೀ ನನ್ನನ್ನು ಒಳಗಿಟ್ಟಿದ್ದಳು.

ಆಗ ನನಗೊಂದು ಗೊತ್ತಾಯಿತು. ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದ ಮುಖ ಸುಳ್ಳು ಮುಖ ಅಂತ ಯಾರಿಗಾದರೂ ತಿಳಿಯುವಂಥದ್ದು. ಕೇಳಿಸದವರು ಕಲ್ಲಾಗಿ ಕೂರುವುದಿಲ್ಲ. ಅವರ ಕಣ್ಣು ಒಂದು ಕ್ಷಣ ನಿಲ್ಲುವುದಿಲ್ಲ. ಹಾಡಿನ ಚೂರು ಎಲ್ಲಾದರೂ ಬಿದ್ದಿದೆಯೇ ಅಂತ ಸುತ್ತಲಿನವರ ಮುಖದಲ್ಲೆಲ್ಲ ಹುಡುಕುತ್ತದೆ. ನಾನು ಹುಡುಕಿದೆ. ಪರಶುವಿನ ಮುಖದಲ್ಲಿ, ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದ ಹೆಂಗಸಿನ ಮುಖದಲ್ಲಿ, ಹಿಂದೆ ಕಂಬಕ್ಕೊರಗಿದ ಮುದುಕರ ಮುಖದಲ್ಲಿ. ಒಂದು ಕಡೆ ಇಡೀ ಕಟ್ಟೆ ನಕ್ಕಿತು. ನಕ್ಕು ನನ್ನ ಕಡೆ ನೋಡಿತು. ಯಾಕೆ ನಕ್ಕರು? ಚಟ್ನಿಗೋ, ಹೂವಿಗೋ, ನನ್ನ ಸುಳ್ಳಿಗೋ? ನಗು ಇನ್ನೂ ಆರಿರಲಿಲ್ಲ, ಎಲ್ಲರೂ ತಣ್ಣಗಾದರು. ಅವರೆಕಾಯಿ ಹೆಂಗಸು ಸೆರಗಿನಿಂದ ಮೂಗು ಒರೆಸಿದಳು.  ಮಂದಾ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಮುಗಿದಾಗ ಚಪ್ಪಾಳೆ ಕೇಳಿಸಿತು. ಮಳೆ ನಿಂತ ಮೇಲೆ ತಗಡಿನಿಂದ ಸುರಿಯುವ ನೀರಿನಂಥ ಸದ್ದು.

ಬಾಗಿಲಲ್ಲಿ ತುಂಗಕ್ಕ ಕಾಗದದಲ್ಲಿ ಬಜ್ಜಿ ಸುತ್ತಿ ನನ್ನ ಕೈಗಿಟ್ಟಳು. “ಇವತ್ತು ನಿಜಕ್ಕೂ ಕೇಳಿಸ್ಲಿಲ್ಲ ನಿಂಗೆ,” ಅಂದಳು.

“ಅಂದರೆ ಮುಂಚೆಯಿಂದಲೂ ನಿಂಗೆ ಗೊತ್ತಿತ್ತಾ?”

“ಊರಿಗೇ ಗೊತ್ತಿತ್ತು ಕಣಕ್ಕ. ಆ ಕೊಂಡೀನ ಅಷ್ಟು ಹೊತ್ತು ಯಾರು ನೋಡ್ತಾರೆ? ಹಾಡ್ತಾ ನಿಂತೋಳಿಗೆ ಒಬ್ಳಿಗೆ ಗೊತ್ತಿರ್ಲಿಲ್ಲ. ಬಿಸಿ ಇದೆ, ತಿನ್ನು.”

ಬೀದಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಗುಜರಿ ಅಂಗಡಿ ದಾಟಿದೆವು. ಆಮೇಲೆ ನಾನೇ ಕೇಳಿದೆ. “ಹೇಗಿತ್ತು?”

ಅವರು ಧ್ವನಿಯ ಬಗ್ಗೆ ಮಾತಾಡಿ ಗೊತ್ತಿಲ್ಲದ ಮನುಷ್ಯ. “ಬೆಲ್ಟು ಬಿಚ್ಚಿದ್ಮೇಲೂ ಚಕ್ರ ತಾನೇ ಸ್ವಲ್ಪ ಹೊತ್ತು ತಿರುಗ್ತದಲ್ಲ,” ಅಂದರು, “ಹಂಗೆ. ಯಾರೂ ತಿರುಗಿಸ್ತಿಲ್ಲ, ಆದ್ರೂ ತಿರುಗ್ತದೆ.” ನಾಲ್ಕು ಹೆಜ್ಜೆ ಹೋಗಿ ನಿಂತರು. “ಎಂಥಾ ಕಂಠನೇ ಅವಳ್ದು. ನೀನು ಇಷ್ಟು ದಿನ ಹೇಳಿದ್ದು ಏನೂ ಅಲ್ಲ.”

“ಯಾಕೆ ನಕ್ಕರು ಅಂತಾದರೂ ಹೇಳಿ.”

“ಅದು ಕೇಳ್ಬೇಡ.”

“ಒಳ್ಳೇದೇ ಹಾಡಿದಳಾ, ಕೆಟ್ಟದ್ದಾ? ಅಷ್ಟು ಹೇಳಿದರೆ ಸಾಕು.”

“ಧ್ವನಿ ಹೆಂಗಿತ್ತು ಅಂತ ಕೇಳಿದ್ಯಲ್ಲ, ಹೇಳ್ದೆ,” ಅಂದರು. ಟವೆಲಿನಿಂದ ಮುಖ ಒರೆಸಿಕೊಂಡರು. ಹಿಟ್ಟು ಕಣ್ಣಿಗೆ ಹೋಗಿದ್ದರೂ ಹೋಗಿರಬಹುದು.

ಮನೆಗೆ ಬಂದು ಒಲೆ ಹಚ್ಚಿದೆ. ಮಂದಾ ಗೆಳತಿಯರನ್ನು ಕಳಿಸಿ ಸ್ವಲ್ಪ ಹೊತ್ತಿಗೆ ಬಂದಳು. ಕೈಕಾಲು ತೊಳೆದು ತಟ್ಟೆ ಹಾಕಿಕೊಂಡು ಕೂತಳು. ನಾನು ಮುದ್ದೆ ಬಡಿಸಿದೆ, ಸಾರು ಬಿಟ್ಟೆ. ಅವಳು ಮುರಿದು ಅದ್ದಿ ನುಂಗುವುದನ್ನು ನೋಡುತ್ತ ನಿಂತೆ. ಆ ಗಂಟಲಿನಿಂದ ಬಂದದ್ದು ಊರಿಗೆಲ್ಲ ಸಿಕ್ಕಿತು, ನನಗೆ ಸಿಗಲಿಲ್ಲ. ಇಷ್ಟು ವರ್ಷ ಯಾವುದಕ್ಕೆ ಹಸಿದಿದ್ದೆನೋ ಅದು, ಅವಳ ಹಾಡಿನೊಳಗೊಂದು ಜಾಗ, ಸಿಕ್ಕಿತು. ಸಿಕ್ಕಿದ ಮೇಲೆ, ಇಷ್ಟು ವರ್ಷ ನನ್ನ ಹೊಟ್ಟೆ ತುಂಬಿಸಿದ್ದು ಹೋಯಿತು. ಅಪ್ಪನ ಕಾವ್ಯದ ರಾಜ ನೆನಪಾದ. ಅವನಿಗೆ ಎರಡೂ ಒಟ್ಟಿಗೆ ಸಿಕ್ಕಿದ್ದವು. ಅದು ನಮ್ಮೂರಲ್ಲ.

“ಮಂದಾ.”

“ಹ್ಞೂಂ.”

“ಒಂದು ಕೇಳಲಾ?”

ಅವಳು ತಲೆ ಎತ್ತಿದಳು. ನಾನು ಏನು ಕೇಳುತ್ತೇನೆ ಅಂತ ಗೊತ್ತಿದ್ದವಳ ಹಾಗೆ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

“ಒಂದು ಸಲ ಸೋಸಿ ಹಾಡು. ನಾನು ನಿನ್ನನ್ನ ಯಾವತ್ತೂ ಏನೂ ಕೇಳಿದವಳಲ್ಲ. ನನ್ನ ಬಗ್ಗೆ ಏನು ಹೇಳಿದೀಯ ಅಂತ ನನಗೆ ಬೇಡ. ಬೈದಿದ್ದರೂ ಸರಿ, ಹೊಗಳಿದ್ದರೂ ಸರಿ, ಅದನ್ನ ತೆಗೆದುಬಿಡು. ಧ್ವನಿ ಸಾಕು. ನಿಮ್ಮಪ್ಪ ಏನೋ ಚಕ್ರ ಗಿಕ್ರ ಅಂತಾರೆ, ನನಗೇನೂ ತಿಳಿಯಲ್ಲ.”

“ಅಪ್ಪ ಚಕ್ರ ಅಂದ್ರಾ?” ಅವಳ ಮುಖದಲ್ಲಿ ಒಂದು ನಗು ಬಂದು ಹೋಯಿತು. ಹಜಾರದಲ್ಲಿ ಮನೆಯವರು ಕೆಮ್ಮಿದರು.

“ಎಲ್ಲರ ಮಕ್ಕಳೂ ಹಾಡ್ತಾರೆ. ಪರಶು ಅವನಮ್ಮನಿಗೆ ಹಾಡಲಿಲ್ವಾ.”

“ಹಾಡ್ದ. ಒಂದು ಬಾಣಲೆ, ಒಂದು ನಾಯಿ.”

“ನನಗೆ ಅಷ್ಟಾದರೂ ಸಾಕು. ಜರಡಿ ಉಳಿದರೆ ಜರಡಿ ಹಾಡು.”

“ಹಳೇ ಹಾಡೆಲ್ಲ ಇದಾವಲ್ಲ ಚಿಕ್ಕಮ್ಮ. ಹಸಿರು ಸೀರೆ, ಜ್ವರ. ಅವನ್ನ ಯಾವಾಗ ಬೇಕಾದ್ರೂ ಹಾಡ್ತೀನಿ, ಈಗ ಬೇಕಾದ್ರೂ ಹಾಡ್ತೀನಿ. ಅವು ನಿಮಗೆ ಚೆನ್ನಾಗಿ ಕೇಳಿಸ್ತವೆ.”

“ಇದು ಬೇಕು ನನಗೆ.”

“ಇನ್ನು ಮುಂದೆ ಕಟ್ಟೋದರಲ್ಲೂ ನೀವಿರ್ತೀರಿ. ನಾನು ಬೇಡ ಅಂದ್ರೂ ಬಂದು ಕೂರ್ತೀರಿ. ಒಂದೊಂದರಿಂದಲೂ ತೆಗೀತಾ ಕೂರ್ಲಾ?”

“ಇದೊಂದರಿಂದ ತೆಗಿ. ಒಂದೇ ಸಲ. ಬಾಗಿಲು ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ. ನಿನಗೆ ಕೈ ಮುಗೀತೀನಿ ಮಂದಾ.”

ಅವಳು ಎದ್ದಳು. ತಟ್ಟೆಯನ್ನು ಎಂದಿನ ಹಾಗೆ ತೊಳೆಯಲು ಒಯ್ಯಲಿಲ್ಲ, ಅಲ್ಲೇ ಬಿಟ್ಟಳು. ಮುದ್ದೆ ಮೆತ್ತಿದ ಕೈಯಲ್ಲೇ ನಾನು ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದಳು.

“ಇಲ್ಲ,” ಅಂದಳು. “ನಿಮ್ಮನ್ನ ತೆಗೆಯೋದಿಲ್ಲ.”